ಕಡತದ ಕೊನೆಯ ಸಾಲು

ಬಹಳ ಹಿಂದೆ, ಕುದುರೆಗಳಿಗೆ ರೆಕ್ಕೆಯಿದ್ದ ಕಾಲದಲ್ಲಿ, ಹಾಲುಮಾಳ ಅಂತೊಂದು ರಾಜ್ಯ. ಅಲ್ಲಿನ ಕೆರೆದಂಡೆಯ ಊರು ಎಷ್ಟು ಚೆಂದವಿತ್ತು ಅಂತೀರಿ! ಆಲದ ಮರಕ್ಕೆ ಊರೆಲ್ಲರ ಉಯ್ಯಾಲೆ. ಸಂಜೆ ದನಕರುಗಳನ್ನು ಮನೆಗೆ ಕರೆಯಲು ಕೊಂಬಿನ ದನಿ. ದಾರಿಹೋಕರ ಬಾಯಾರಿಕೆಗೆ ಅರವಟ್ಟಿಗೆ.

ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ ಕೊಡುತ್ತಿದ್ದವಳು ಸಂಕವ್ವ. ಅದನ್ನು ಕಟ್ಟಿಸಿದ್ದು ತೀರಿಹೋದ ಅವಳ ತಾಯಿ ಮಾಕವ್ವ.

ಊರಸಭೆಯ ಖರ್ಚೆಲ್ಲ ಕಡತದಲ್ಲಿ, ಅಂದರೆ ಮಡಚಿಟ್ಟ ಕರಿಬಟ್ಟೆಯ ಪುಸ್ತಕದಲ್ಲಿ, ಬಳಪದಿಂದ ಬರೆದಿರುತ್ತಿತ್ತು. ಒಂದು ವರ್ಷ ಕೆರೆಯ ಏರಿ ಬಿರುಕು ಬಿಟ್ಟಿತು. ರಿಪೇರಿಗೆ ದುಡ್ಡಿಲ್ಲ. ಯಜಮಾನ ಚೆನ್ನಬೀರಪ್ಪ, ಪಾಪ, ಉಳಿತಾಯ ಹುಡುಕಲು ಗೊಗ್ಗಯ್ಯ ಎಂಬ ಮಂತ್ರವಾದಿಯನ್ನು ಕರೆಸಿದ. ಕಡತವನ್ನೂ ಅವನ ಕೈಗೇ ಕೊಟ್ಟುಬಿಟ್ಟ ನೋಡಿ, ಅಲ್ಲೇ ಎಡವಟ್ಟಾಯಿತು. ಗೊಗ್ಗಯ್ಯ ಮಂತ್ರ ಹಾಕಿದ ಆ ಕಡತದಲ್ಲಿ ಯಾವ ಸಾಲು ಒರೆಸಿದರೂ ಅದರಲ್ಲಿದ್ದದ್ದು ಮಾಯ. ಅದರ ನೆನಪೂ ಮಾಯ! ಉಯ್ಯಾಲೆ ಹೋಯಿತು, ಕೊಂಬು ಹೋಯಿತು. ಆದರೂ ಬೊಕ್ಕಸ ತುಂಬಲಿಲ್ಲ.

"ಇನ್ನು ಅರವಟ್ಟಿಗೆ ಒರೆಸೋಣ. ಮೂವತ್ತು ಹೊನ್ನು ಉಳಿಯುತ್ತೆ," ಎಂದ ಗೊಗ್ಗಯ್ಯ.

ಸಂಕವ್ವ ಸಭೆಗೇ ನುಗ್ಗಿದಳು. "ಯಜಮಾನ್ರೇ, ಅದು ನಮ್ಮವ್ವನದು, ಆ ಸಾಲಲ್ಲಿ ಅವ್ವನ ಹೆಸರೂ ಇದೆ! ಮೂರು ದಿನ ಕೊಡಿ, ಮೂವತ್ತು ಹೊನ್ನು ನಾನು ಹುಡುಕಿ ಕೊಡ್ತೀನಿ."

"ಆಗಲಿ ತಾಯಿ," ಎಂದ ಚೆನ್ನಬೀರಪ್ಪ.

"ಅಲ್ಲೀತನಕ ದಿನಾ ಸಂಜೆ ಆ ಸಾಲನ್ನ ಅಷ್ಟಷ್ಟೇ ಒರೆಸ್ತೀನಿ," ಎಂದು ಗೊಗ್ಗಯ್ಯ ಹಲ್ಲು ಕಿರಿದ.

ಮೊದಲ ದಿನ ಸಂಕವ್ವ ಬೊಕ್ಕಸ ಕಾಯುವ ಏಳು ಹೆಡೆಯ ಹಾವಿನ ಬಳಿ ಹೋದಳು. "ಹಾವಣ್ಣ, ದಿನಾ ಏಳು ಬಟ್ಟಲು ಹಾಲು ಬರುತ್ತಲ್ಲ, ಎಲ್ಲಾ ಕುಡೀತೀಯಾ?"

"ಎಲ್ಲಿ ಕುಡೀಲಿ ತಂಗಿ? ಹೆಡೆ ಏಳಾದ್ರೂ ಹೊಟ್ಟೆ ಒಂದೇ ಅಲ್ವಾ! ಆರು ಬಟ್ಟಲು ಚೆಲ್ಲಿ ಹೋಗುತ್ತೆ."

ಹತ್ತು ಹೊನ್ನು ಉಳಿಯಿತು. ಆದರೆ ಸಂಜೆ ಗೊಗ್ಗಯ್ಯ ಸಾಲಿನ ತುದಿ ಒರೆಸಿದ, ಸಂಕವ್ವನಿಗೆ ತಾಯಿಯ ದನಿ ಮರೆತುಹೋಯಿತು.

ಎರಡನೆಯ ದಿನ ಊರಸಭೆಯ ರೆಕ್ಕೆಯ ಕುದುರೆಯ ಬಳಿ ಹೋದಳು. "ಕುದುರೆಯಣ್ಣ, ವರ್ಷಾವರ್ಷಾ ನಿನಗೆ ಬೆಳ್ಳಿ ಲಾಳ ಯಾಕೆ?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ ತಂಗಿ. ನಾನು ನೆಲಕ್ಕೆ ಕಾಲೇ ಊರಲ್ಲ!"

ಇನ್ನೂ ಹತ್ತು ಹೊನ್ನು. ಆ ಸಂಜೆ ತಾಯಿಯ ಮುಖ ಹೋಯಿತು. ಸಂಕವ್ವ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಬರಲಿಲ್ಲ. ಮಾಕವ್ವ ಎಂಬ ಹೆಸರೊಂದೇ ಉಳಿಯಿತು. ಅದೂ ನಾಳೆ ಹೋದರೆ? ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮೂರನೆಯ ದಿನ ಕೇಳಲು ಯಾವ ಪ್ರಾಣಿಯೂ ಉಳಿದಿರಲಿಲ್ಲ. ಸಂಕವ್ವ ನೀರಿನ ಚೊಂಬು ಹಿಡಿದು ಸಭೆಗೇ ಬಂದಳು. "ಯಜಮಾನ್ರೇ, ಆ ಕಡತ ಪೂರ್ತಿ ಬಿಚ್ಚಿ, ಗಟ್ಟಿಯಾಗಿ ಓದಿಸಿ."

"ಪೂರ್ತಿ ಯಾಕೆ? ನಾನು ನೋಡಿದ್ದೀನಲ್ಲ!" ಗೊಗ್ಗಯ್ಯ ತಡಬಡಿಸಿದ.

"ಬಿಚ್ಚಯ್ಯಾ!" ಎಂದು ಗದರಿದ ಚೆನ್ನಬೀರಪ್ಪ. ಕಡತವನ್ನು ಕಿತ್ತುಕೊಂಡು ಮಡಿಕೆ ಬಿಚ್ಚುತ್ತಾ ಓದಿದ. ಕಟ್ಟಕಡೆಗೆ ಒಂದು ಸಣ್ಣ ಸಾಲು ಸಿಕ್ಕಿತು: 'ಉಳಿತಾಯ ಹುಡುಕುವ ಗೊಗ್ಗಯ್ಯನಿಗೆ, ತಿಂಗಳಿಗೆ ನೂರು ಹೊನ್ನು.'

"ಅಯ್ಯೋ ನಿನ್ನ!" ಎಂದು ಸಂಕವ್ವ ಚೊಂಬಿನ ನೀರಲ್ಲಿ ಸೆರಗು ಅದ್ದಿ ಆ ಸಾಲನ್ನು ಒರೆಸಿಯೇಬಿಟ್ಟಳು. ಗೊಗ್ಗಯ್ಯ ನಿಂತಲ್ಲೇ ಮಾಯವಾದ. ಅವನ ಮಂತ್ರವೂ ಹೋಯಿತು. ಒರೆಸಿದ ಸಾಲುಗಳೆಲ್ಲ ಕಡತದಲ್ಲಿ ಬೆಳ್ಳಗೆ ಮೂಡಿದವು.

ಕೊಂಬಿನ ದನಿ ಕೇಳಿಸಿತು. ಆಲದ ಮರಕ್ಕೆ ಉಯ್ಯಾಲೆ ಬಂತು. "ನಮ್ಮಪ್ಪ ನನ್ನ ತೂಗಿದ್ದು ಇಲ್ಲೇ ಕಣ್ರೋ!" ಎಂದು ಮುದುಕ ಚೆನ್ನಬೀರಪ್ಪ ಓಡಿಹೋಗಿ ಉಯ್ಯಾಲೆ ಏರಿದ. ಉಳಿದ ಹೊನ್ನಿನಲ್ಲಿ ಕೆರೆಯ ಏರಿಯೂ ಗಟ್ಟಿಯಾಯಿತು. ಗೊಗ್ಗಯ್ಯನ ನೆನಪು ಹಾವಿಗೆ ಮಾತ್ರ ಉಳಿಯಿತು, ಅದಕ್ಕೆ ತಲೆ ಜಾಸ್ತಿ ನೋಡಿ. ನಮಗೆ ಈ ಕತೆ ಬಂದದ್ದೂ ಅದರಿಂದಲೇ.

ಸಂಕವ್ವ ಅರವಟ್ಟಿಗೆಗೆ ಹೋಗಿ ನೀರಿನ ಹಂಡೆಗೆ ಬಗ್ಗಿದಳು. ನೀರಲ್ಲಿ ಕಂಡದ್ದು ಅವಳದೇ ಮುಖ, ಅವ್ವನದೇ ಹಣೆ, ಅವ್ವನದೇ ಕಣ್ಣು. "ನೀರು ಕೊಡುವಾಗ ನಗ್ತಾ ಕೊಡು ಮಗಳೇ," ಅನ್ನುತ್ತಿದ್ದ ಆ ದನಿಯೂ ನೆನಪಾಯಿತು. ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತ ದಾರಿಹೋಕನಿಗೆ ನಗುತ್ತಾ ನೀರು ಕೊಟ್ಟಳು.

ಅವರೆಲ್ಲ ಅಲ್ಲಿ ತಣ್ಣಗಿದ್ದಾರೆ. ಕತೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಒಂದು ಲೋಟ ಮಜ್ಜಿಗೆ ಕೊಡಿ.