ಜೀನಿನ ಚರ್ಮದ ಬೆಲ್ಟು

"ಹೊಲಿಗೆ ಬಿಟ್ರೆ ನಾನು ಉಳಿಯಲ್ಲ ಸಾಹೇಬ್ರೇ. ಗಟ್ಟಿ ಇರ್ಬೇಕು."

ಪರದೆಯ ಹಿಂದೆ ದಬ್ಬಳ ಹಿಡಿದಿದ್ದ ಸಯೀದಾಳ ಕೈ ಹಾಗೇ ನಿಂತುಬಿಟ್ಟಿತು.

ಅದು ಐವತ್ತೆಂಟರ ಬೇಸಿಗೆ. ಸಕಲೇಶಪುರದಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಬಾಬಾಜಾನ್‌ಗೆ ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು. ಎಸ್ಟೇಟ್ ದೊರೆಗಳು ಜೀಪು ಹತ್ತಿದ ಮೇಲೆ ಜೀನು ಕೇಳುವವರೂ ಇರಲಿಲ್ಲ. ಬರುವ ಚಿಲ್ಲರೆ ಕೆಲಸವನ್ನೆಲ್ಲ ಮಗಳೇ ಹೊಲಿಯುತ್ತಿದ್ದಳು. ಊರಿನವರ ಪಾಲಿಗೆ ಮಾತ್ರ ಅದು ಅಪ್ಪನ ಕೈಕೆಲಸ.

ಬಂದಿದ್ದವನು ಅಬ್ದುಲ್ ರಶೀದ್. ಬಿಸಿಲೆ ಕಾಡಿನಲ್ಲಿ ಮರಗಳಿಗೆ ಗುರುತು ಹಾಕುವ ಕೆಲಸ ಅವನದು. ಕತ್ತಿ, ಸುತ್ತಿಗೆ, ಬಣ್ಣದ ಡಬ್ಬಿ ಎಲ್ಲ ಸೊಂಟದ ಬೆಲ್ಟಿನಲ್ಲೇ ನಿಲ್ಲಬೇಕು. ಆ ಇಳಿಜಾರಿನಲ್ಲಿ ಬೇರು ಹಿಡಿಯುವುದಕ್ಕೇ ಎರಡೂ ಕೈ ಬೇಕು.

ಅಳತೆಗೆಂದು ಪರದೆಯ ಕೆಳಗಿಂದ ಒಂದು ದಾರ ಹೊರಗೆ ಬಂತು. ರಶೀದ್ ಅದನ್ನು ಸೊಂಟಕ್ಕೆ ಸುತ್ತಿ, ಗಂಟು ಹಾಕಿ ಹಿಂದಕ್ಕೆ ಕೊಟ್ಟ. ಆಗಲೇ ಅವನಿಗೆ ಕಂಡದ್ದು... ದಬ್ಬಳ ಚುಚ್ಚಿ ಗಾಯವಾಗಿದ್ದ ಎಳೆಯ ಬೆರಳುಗಳು.

"ಗಂಟು ಸರಿಯಾಗೈತಾ?" ಎಂದು ಪರದೆಯನ್ನೇ ಕೇಳಿದ.

"ಆಗೈತೆ."

ಒಂದೇ ಒಂದು ಮಾತು. ಅಷ್ಟಕ್ಕೇ ಈ ಹುಡುಗಿಯ ಎದೆ ಅದೆಷ್ಟು ಹೊಡೆದುಕೊಳ್ಳಬೇಕು!

ಅಪ್ಪ ಜೋಪಾನ ಮಾಡಿದ್ದ ಕೊನೆಯ ಜೀನನ್ನು ಬಿಚ್ಚಿ ಪಟ್ಟಿ ಕತ್ತರಿಸಿದಳು. ಎರಡು ಪದರ ಜೋಡಿಸಿ, ದಾರಕ್ಕೆ ಮೇಣ ಉಜ್ಜಿ ಹೊಲಿದಳು. ಕತ್ತಿಗೊಂದು ಒರೆ, ಸುತ್ತಿಗೆಗೊಂದು ಕುಣಿಕೆ, ಡಬ್ಬಿಗೊಂದು ಚೀಲ. ಗಂಟಿನ ದಾರವನ್ನು ಮಾತ್ರ ಬಿಸಾಡಲಿಲ್ಲ. ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ಮಳೆಗಾಲದ ಒಂದು ಮಧ್ಯಾಹ್ನ ರಶೀದ್ ಏದುಸಿರು ಬಿಡುತ್ತಾ ಬಂದ. ಬೆಲ್ಟನ್ನು ಬಾಬಾಜಾನ್ ಕೈಗಿಟ್ಟು, "ನಮ್ಮ ಜೊತೆ ಕೆಲ್ಸ ಮಾಡೋ ಸಿದ್ದಯ್ಯ ಬಿದ್ದು ಕಾಲು ಮುರ್ಕೊಂಡವ್ನೆ, ಆಸ್ಪತ್ರೆಗೆ ಹೋಗ್ಬೇಕು," ಎಂದು ಹೊರಟೇ ಹೋದ.

ಬಾಬಾಜಾನ್ ಬೆಲ್ಟನ್ನು ತಡವಿದ. "ತುಂಡಾಗ್ಬುಟ್ಟೈತೆ ಕಣಮ್ಮ."

ನನ್ನ ಹೊಲಿಗೆ... ನನ್ನ ಹೊಲಿಗೆ ಬಿಟ್ಟು, ಅದನ್ನು ನಂಬಿ ಹಿಡಿದವರ ಕಾಲು ಮುರಿಯಿತು!

ಸಯೀದಾ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಂದಿನಿಂದ ದಬ್ಬಳ ಮುಟ್ಟಲಿಲ್ಲ. ಎರಡು ತಿಂಗಳ ನಂತರ ರಶೀದ್‌ನ ಸೋದರತ್ತೆ ಮರಿಯಮ್ ಬೀ ಸಂಬಂಧ ಕೇಳಿಕೊಂಡು ಬಂದಾಗ, "ಬೇಡ," ಎಂದುಬಿಟ್ಟಳು. ಯಾವ ಮುಖ ಇಟ್ಟುಕೊಂಡು ಕಾರಣ ಹೇಳುವುದು?

ಕೆಲವು ವಾರ ಕಳೆದು ರಶೀದ್ ತಾನೇ ಬಂದ.

"ನಾನು ಬೇಡ ಅಂದ್ರೆ ಬೇಡ. ಬೆಲ್ಟಾದ್ರೂ ಸರಿ ಮಾಡ್ಕೊಡಿ."

"ಬೇರೆ ಕಡೆ ಹೊಲಿಸ್ಕೊಳ್ಳಿ," ಪರದೆಯ ಹಿಂದಿನ ದನಿ ಒಡೆದಿತ್ತು. "ಸಿದ್ದಯ್ಯನವರ ಕಾಲು ಹೋಗಿದ್ದು ಸಾಕು..."

ರಶೀದ್ ಪರದೆಯತ್ತ ತಿರುಗಿದ. "ನೀವು ಬೆಲ್ಟು ನೋಡಿದ್ರಾ?"

"ಇಲ್ಲ."

"ನೋಡಿ."

ಸಯೀದಾ ಅಟ್ಟದಿಂದ ಗೋಣಿ ಇಳಿಸಿ ಬಿಚ್ಚಿದಳು. ಬಕಲ್ ಪಕ್ಕದಲ್ಲಿ ಚರ್ಮ ತುಂಡಾಗಿತ್ತು. ಆದರೆ ಹರಿದ ಅಂಚಲ್ಲ, ಕತ್ತಿಯಲ್ಲಿ ಕೊಯ್ದ ನೇರ ಅಂಚು. ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ.

"ಸಿದ್ದಯ್ಯ ಜಾರಿ ಬಿದ್ದು, ಕಾಲು ಮುರ್ಕೊಂಡು, ಕೆಳಗೆ ಬೇರಿಗೆ ಜೋತಾಡ್ತಿದ್ದ. ಮಳೇಲಿ ಚರ್ಮ ಊದ್ಕಂಡು ಬಕಲ್ ಬಿಚ್ಚಕ್ಕಾಗ್ಲಿಲ್ಲ. ನಾನೇ ಕೊಯ್ದು ಇಳಿಬಿಟ್ಟೆ. ಅದನ್ನ ಹಿಡ್ಕಂಡೇ ಮೇಲೆ ಬಂದ. ಒಬ್ಬ ಮನುಷ್ಯನ ಭಾರ ತಡೀತು ನಿಮ್ಮ ಹೊಲಿಗೆ."

"ಅವತ್ತೇ ಹೇಳ್ಬೋದಿತ್ತಲ್ಲ..."

"ಅಂಚು ಕಂಡ್ರೆ ಹೊಲಿದೋರಿಗೆ ಗೊತ್ತಾಗೇ ಆಗ್ತೈತೆ ಅಂದ್ಕೊಂಡೆ."

ಬಾಬಾಜಾನ್ ತನ್ನ ಬೆರಳುಗಳನ್ನು ಸವರಿಕೊಂಡ. "ಕೊಯ್ದಿದ್ದೋ ಹರಿದಿದ್ದೋ ಈ ಕೈಗೂ ಗೊತ್ತಾಗ್ಲಿಲ್ಲ," ಎಂದು ಮೆಲ್ಲಗೆ ಎದ್ದು ಹೊರಜಗುಲಿಗೆ ಹೋದ.

ಇಷ್ಟು ದಿನ ತಡೆದಿದ್ದ ಅಳು ಸಯೀದಾಳಿಗೆ ಈಗ ಬಂತು. ಮನಸ್ಸು ಹಗುರಾಗುವವರೆಗೂ ಅತ್ತಳು. ಆಮೇಲೆ ಪರದೆ ಸರಿಸಿ, ಆ ಹಳೆಯ ದಾರವನ್ನು ಅವನ ಕೈಗೆ ಕೊಟ್ಟಳು.

ರಶೀದ್ ಸುತ್ತಿಕೊಂಡ. ನಾಲ್ಕು ಬೆರಳು ಸಡಿಲವಾಗಿತ್ತು.

"ಇಳಿದುಹೋಗಿದ್ದೀರಿ..."

"ನೀವು ಬೇಡ ಅಂದ್ಮೇಲೆ ಊಟ ಸೇರ್ಲಿಲ್ಲ. ಹೊಸ ಗಂಟು ಹಾಕ್ಲಾ?"

"ಬೇಡ. ಹಳೇದೇ ಇರ್ಲಿ."

"ಸಡ್ಲ ಆಗಲ್ವಾ?"

ಸಯೀದಾ ತಲೆ ತಗ್ಗಿಸಿದಳು.

"ನಾಲ್ಕು ತಿಂಗ್ಳು ನನ್ನ ಕೈ ಅಡುಗೆ ಉಂಡ್ರೆ... ಸರಿಹೋಗ್ತೈತೆ."