ಅತ್ತಿಗೆ ಕತ್ತರಿಸಲು ಬಿಡದ ಜಡೆ

ಅಣ್ಣ ತಂಗಿಯ ಜಡೆಗೆ ಕತ್ತರಿ ಇಟ್ಟಿದ್ದನಷ್ಟೆ, ಅತ್ತಿಗೆ ಅಡುಗೆಮನೆಯಿಂದ ನುಗ್ಗಿ ಬಂದು ಅವನ ಮುಂಗೈ ಕಚ್ಚಿ ಕತ್ತರಿ ಕಸಿದುಕೊಂಡಳು.

“ಆ ಕೂದಲು ಮುಟ್ಟಿದ್ರೆ ನಿಮ್ಮ ಬೆರಳು ತೆಗೀತೀನಿ.”

“ನಡೆಯೋಕಾಗದ ಹುಡುಗಿ, ತಲೆ ತೊಳ್ಕೊಳ್ಳೋಕೂ ಒದ್ದಾಡ್ತಾಳೆ. ಕತ್ತರಿಸಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ, ರಾಕ್ಷಸಿ?”

ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಒಂದೇ ಏಟಿಗೆ ಅತ್ತಿಗೆಯ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಗಾಲಿಕುರ್ಚಿಯಲ್ಲಿದ್ದ ತಂಗಿ ಕಣ್ಣು ಮುಚ್ಚಿಕೊಂಡಳು. ಅತ್ತಿಗೆ ಆ ಜಡೆಯನ್ನು ಯಾಕೆ ಕಾಯುತ್ತಾಳೆಂದು ಅವಳಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಅಣ್ಣನ ಮಾನ ಮೂರು ಕಾಸಿಗೆ ಹೋಗುತ್ತಿತ್ತು... ಅಪ್ಪ ಅಮ್ಮ ಸತ್ತ ಮೇಲೆ ಎದೆಗೆ ಅವಚಿಕೊಂಡು ಸಾಕಿದ ಅಣ್ಣ! ಅವನೂ ಕೈಬಿಟ್ಟರೆ ತನ್ನವರೆಂದು ಇನ್ಯಾರಿದ್ದರು?

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅಂಗವಿಕಲರ ಸಂಸ್ಥೆಯ ಹೆಂಗಸು. ಅವಳ ಕಂಕುಳಲ್ಲಿ ಸುತ್ತಿಟ್ಟ ದಪ್ಪ ಬಟ್ಟೆ, ಅದರ ಅಂಚಿಗೆಲ್ಲ ಹಿಡಿಕೆಗಳು. ಬೆಂಕಿ ಬಿದ್ದಾಗ, ಭೂಮಿ ನಡುಗಿದಾಗ ನಡೆಯಲಾಗದವರನ್ನು ಅದರಲ್ಲಿ ಮಲಗಿಸಿ ಇಳಿಸುವುದನ್ನು ಕಲಿಸಲು ಬಂದಿದ್ದಳು. ಅತ್ತಿಗೆಯ ತುಟಿ ನೋಡಿ ಹೊಸ್ತಿಲಲ್ಲೇ ತಡೆದು ನಿಂತಳು. ಆಮೇಲೆ ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಮೆಟ್ಟಿಲ ತುಂಬ ಹೊಗೆ ಅನ್ಕೋಮ್ಮ. ಈ ಮೂರನೇ ಮಹಡಿಯಿಂದ ನಿನ್ನನ್ನ ಯಾರು ಇಳಿಸ್ತಾರೆ?”

“ಇದೂ ಒಂದು ಕೇಳೋ ಮಾತಾ? ನಾನಿಲ್ವಾ?” ಅಂದ ಅಣ್ಣ.

ಅತ್ತಿಗೆ ಒಡೆದ ತುಟಿಯಲ್ಲೇ ನಕ್ಕಳು. ಆ ನಗು ಅವನನ್ನು ಸುಟ್ಟಿತು. ಅವಳ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಅಪ್ಪಳಿಸಿದ. ಕಪಾಟಿನ ಪಾತ್ರೆಗಳು ಧಡಧಡನೆ ಉರುಳಿದವು.

“ಬಿಡು ಅಣ್ಣ! ನನ್ನನ್ನ ಇಳಿಸಿದ್ದು ಅತ್ತಿಗೆ!”

ಅವನ ಕೈ ಸಡಿಲಾಯಿತು.

“ಹೋದ ವರ್ಷ ಕೆಳಗಿನ ಹಾಸಿಗೆ ಅಂಗಡಿಗೆ ಬೆಂಕಿ ಹೊತ್ಕೊಂಡಾಗ ನೀನು ನನ್ನ ಕುರ್ಚೀನ ಪಕ್ಕಕ್ಕೆ ತಳ್ಳಿ ಓಡಿದೆ. ಅತ್ತಿಗೆ ಬೀದಿಯಿಂದ ವಾಪಸ್ ಬಂದ್ರು. ಎತ್ತೋಕಾಗ್ಲಿಲ್ಲ... ಜಡೆ ಕೈಗೆ ಸುತ್ಕೊಂಡು ಮೆಟ್ಟಿಲ ಮೇಲೆ ದರದರ ಎಳೆದ್ರು. ‘ನನ್ನ ತಂಗೀನ ನಾನೇ ಹೊತ್ತು ತಂದೆ’ ಅಂತ ನೀನು ಊರಿಗೆಲ್ಲ ಹೇಳ್ದೆ. ನಾವಿಬ್ರೂ ಬಾಯಿ ಮುಚ್ಕೊಂಡ್ವಿ.”

ಸಂಸ್ಥೆಯವಳು ಬಟ್ಟೆ ಬಿಡಿಸಿ ತಂಗಿಯನ್ನು ಮಲಗಿಸಿದಾಗ ಅಣ್ಣ ಮೆಲ್ಲಗೆ ಬಗ್ಗಿ ಒಂದು ಹಿಡಿಕೆಗೆ ಕೈ ಚಾಚಿದ.

“ಮುಟ್ಟಬೇಡಿ,” ಅಂದಳು ಅತ್ತಿಗೆ. “ಇದು ಓಡೋರ ಕೆಲಸ ಅಲ್ಲ.”

ತಲೆಯ ಕಡೆ ಅವಳು, ಕಾಲ ಕಡೆ ಸಂಸ್ಥೆಯವಳು. ಮೆಟ್ಟಿಲ ಪ್ರತಿ ತಿರುವಿನಲ್ಲೂ ಅತ್ತಿಗೆಯ ಬೈಗುಳ. “ಏನು ತಿಂತೀಯೇ ನೀನು? ಬಂಡೆಗಲ್ಲು ಇದ್ದಂಗಿದ್ದೀಯ. ನನ್ನ ಸೊಂಟ ಮುರೀತು.” ಬೀದಿ ಬಾಗಿಲು ಮುಟ್ಟಿದ ಮೇಲೆ ಗಲ್ಲದ ರಕ್ತ ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿ ತೆಗೆದು ನಾದಿನಿಯ ಎದೆಯ ಮೇಲಿಟ್ಟಳು.

“ಈಗ ಕತ್ತರಿಸ್ಕೋ. ಹಿಡಿಯೋಕೆ ಬೇರೆ ಸಿಕ್ತಲ್ಲ.”

“ನೀವೇ ಕತ್ತರಿಸಿ, ಅತ್ತಿಗೆ...”

ಅತ್ತಿಗೆ ಕೊನೆಯ ಮೆಟ್ಟಿಲ ಮೇಲೆ ಕೂತು ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. “ಅಲ್ಲಾಡಬೇಡ. ಕಿವಿ ಹೋದ್ರೆ ನನ್ನನ್ನ ಕೇಳ್ಬೇಡ.”

ಮೇಲೆ, ಮೂರನೇ ಮಹಡಿಯ ಬಾಗಿಲಲ್ಲಿ, ಅಣ್ಣ ಖಾಲಿ ಕುರ್ಚಿ ಹಿಡಿದುಕೊಂಡು ನಿಂತೇ ಇದ್ದ. ಕೆಳಗೆ ಬಾ ಎಂದು ಯಾರೂ ಕರೆಯಲಿಲ್ಲ.