ಪ್ರೆಸ್ಸಿನ ಬಾಯಲ್ಲಿ ನಿಂಬೆಹಣ್ಣು

ಪೀಣ್ಯದ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ನನ್ನ ಬಲಗೈಯನ್ನು ಎಳೆದುಕೊಂಡು ಮೂರು ವರ್ಷವಾಯಿತು. ಕೈ ಒಳಗೆ ಸಿಗದಿರಲೆಂದು ಎರಡೂ ಕೈಯಿಂದ ಒತ್ತಬೇಕಾದ ಗುಂಡಿಗಳಲ್ಲಿ ಒಂದನ್ನು ಸದಾ ಒತ್ತಿಕೊಂಡೇ ಇರುವಂತೆ ಟೇಪು ಸುತ್ತಿಸಿ, ಕೆಲಸ ಬೇಗ ಆಗಲಿ ಎಂದವರು ಸೂಪರ್‌ವೈಸರ್. ರಿಪೋರ್ಟಿನಲ್ಲಿ ಮಾತ್ರ ತಪ್ಪು ನನ್ನದು. ಭುಜದ ನರ ಹರಿದು ಬೆರಳುಗಳು ಸತ್ತವು, ಉರಿ ಸಾಯಲಿಲ್ಲ. ಅದನ್ನು ತಡೆಯಲು ಚರ್ಮದಡಿ ಸಣ್ಣ ಯಂತ್ರವೊಂದನ್ನು ಕೂರಿಸಿದ್ದಾರೆ.

ಈ ಸಲದ ಆಯುಧಪೂಜೆಗೆ ಅತ್ತೆ ಅದರ ರಿಮೋಟಿಗೂ ಕುಂಕುಮವಿಟ್ಟರು. "ಇದೂ ಮಿಷನ್ನೇ ಅಲ್ವೇನಮ್ಮಾ? ಇವತ್ತೊಂದಿನ ಕೆಲಸ ಮಾಡಿಸ್ಬಾರ್ದು," ಎಂದರು. ನಾನೇ ಆಫ್ ಮಾಡಿದೆ.

ಹಲ್ಲು ಕಚ್ಚಿ ಉರಿಗೆ ಕಾದೆ. ಬರಲಿಲ್ಲ. ಭುಜದೊಳಗೆ ಧಡ್ ಎಂದು ಒಂದು ಏಟು, ನಾಲ್ಕು ಎಣಿಸುವಷ್ಟು ಬಿಡುವು, ಮತ್ತೆ ಧಡ್. ಎಂಟು ವರ್ಷ ನಾನು ದುಡಿದ ಪ್ರೆಸ್ಸು ಹಾಗೆಯೇ ಬಡಿಯುತ್ತಿತ್ತು. ಕಾದ ಎಣ್ಣೆಯ ವಾಸನೆ ಬಂತು. ಮಡಿಲಲ್ಲಿದ್ದ ಸತ್ತ ಬೆರಳುಗಳು ತಗಡು ಹಿಡಿದು ಒಳಗೆ ತಳ್ಳುವ ಹಾಗೆ ಮಡಚಿಕೊಂಡವು. ಹತ್ತೂವರೆಗೆ ಎಲ್ಲ ನಿಂತಿತು.

ಮಧ್ಯಾಹ್ನ ಫ್ಯಾಕ್ಟರಿಯಿಂದ ಯಮುನಾ ಫೋನ್ ಮಾಡಿದಳು. ಈಗ ಆ ಪ್ರೆಸ್ಸಿನಲ್ಲಿ ಕೂರುವವಳು ಅವಳೇ.

"ಅಕ್ಕಾ, ಪೂಜೆಗೆ ಅಂತ ಪ್ರೆಸ್ ಬಾಯಲ್ಲಿ ನಿಂಬೆಹಣ್ಣು ಇಟ್ಟಿದ್ವಿ. ಹತ್ತೂವರೆಗೆ ನೋಡಿದ್ರೆ ಕಾಗದದ ಥರ ಚಪ್ಪಟೆ ಆಗಿತ್ತು. ಮೇನ್ ಸ್ವಿಚ್ ನಿನ್ನೆನೇ ಆಫ್ ಮಾಡಿದ್ರು ಕಣಕ್ಕಾ."

"ಗುಂಡಿ ಮೇಲಿನ ಟೇಪು?"

"ಅದು ಹಂಗೇ ಇದೆ. ಅದಕ್ಕೂ ಕುಂಕುಮ ಇಟ್ಟಿದಾರೆ."